ಕಥೆಯೊಳಗೆ ಕಾಕಾ ಕುಡಿದದ್ದು

ನನ್ನ ಚಿಗವ್ವ ತುಂಬಿದ ಹೊಳೆಯಲ್ಲಿ ಈಜಿ ಎಮ್ಮೆಯನ್ನು ತಂದಾಗ ನಾನು ಕೊರ್ಲಹಳ್ಳಿಯಲ್ಲೇ ಇದ್ದೆ. ಶಾಲೆಯ ರಜೆಗೆಂದು ಹೋಗಿದ್ದೆ. ಕೆಂಪು ನೀರು ನೆನಪಿದೆ, ದಡದಲ್ಲಿ ನಿಂತ ಜನ ನೆನಪಿದೆ. ನೀರಿನ ನಡುವೆ ಅವಳ ಮುಖವನ್ನು ನಾನೇ ಕಂಡಿದ್ದೆನೋ, ಆಮೇಲೆ ಮನೆಯವರ ಬಾಯಲ್ಲಿ ಕೇಳಿ ಕೇಳಿ ಕಟ್ಟಿಕೊಂಡೆನೋ, ಆಣೆ ಮಾಡಿ ಹೇಳಲಾರೆ.

ಹೋದ ತಿಂಗಳು ಅದನ್ನೇ ಕಥೆ ಮಾಡಿದೆ. ಧೈರ್ಯವಂತ ಹೆಂಗಸರ ಕಥೆಗಳದೊಂದು ಸಂಕಲನ ಬರಲಿದೆ, ಅದಕ್ಕಾಗಿ. ಊರವರು ಓದಿದರೆ ಚಿಗವ್ವನನ್ನು ಗುರುತಿಸದೆ ಇರುವುದಿಲ್ಲ. ಕಳಿಸುವ ಮುಂಚೆ ಅವಳು ಹೂಂ ಅನ್ನಬೇಕು ಎನಿಸಿತು. ಗದಗಿನಿಂದ ಮುಂಡರಗಿ ಬಸ್ಸು ಹತ್ತಿದೆ.

ಊಟವಾದ ಮೇಲೆ ಕೊರ್ಲಹಳ್ಳಿಯ ಮನೆಯ ಪಡಸಾಲೆಯಲ್ಲಿ ಕಥೆ ಓದತೊಡಗಿದೆ. ಚಿಗವ್ವ ಶೇಂಗಾ ಸುಲಿಯುತ್ತಿದ್ದಳು. ಅವಳ ಗಂಡ, ನನ್ನ ಕಾಕಾ, ಕಂಬಕ್ಕೆ ಒರಗಿ ಕೂತಿದ್ದ. ನನ್ನ ನಾಯಕಿ ಚೆಲುವೆ. ನೀರಿಗೆ ಧುಮುಕುವಾಗ ತುರುಬು ಬಿಚ್ಚಿ ಕೂದಲು ಹೆಗಲ ಮೇಲೆ ಹರಡುತ್ತದೆ. ಅಲ್ಲಿಗೇ ಚಿಗವ್ವನ ಕೈ ನಿಂತಿತು.

"ನೀರಾಗ ಇಳಿಯಾಕಿ ಕೂದಲಾ ಬಿಚ್ಚತಾಳೇನವ್ವಾ? ಕಣ್ಣಾಗ ಬಂದ್ರ ದಾರಿ ಹೆಂಗ ಕಾಣಬೇಕು?"

ತಾನು ಕಾಕಾನ ಟವೆಲ್ಲನ್ನು ತಲೆಗೆ ಬಿಗಿದು ಇಳಿದಿದ್ದಳಂತೆ. ಎಮ್ಮೆ ಹೇಗಿತ್ತು ಎಂದು ಯಾಕೆ ಬರೆದಿಲ್ಲ ಎಂದೂ ಕೇಳಿದಳು. ಓಣಿಯಲ್ಲಿ ಚೆಂದಕ್ಕೆ ಹೆಸರಾಗಿದ್ದು ತಾನಲ್ಲ, ಎಮ್ಮೆಯಂತೆ. ನಾಯಕಿಗೆ ಒಲೆ ಕಂಡರೆ ಆಗದು ಎಂದು ಓದಿದಾಗ, ಹಾಗಾದರೆ ಆ ಮನೆಯಲ್ಲಿ ರೊಟ್ಟಿ ಯಾರು ಬಡಿಯುತ್ತಾರೆ ಎಂದಳು. ನಗುತ್ತಲೇ ಮುಂದೆ ಓದಿದೆ. ನಾಯಕಿ ಹೊಳೆಗೆ ಇಳಿದ ಹೊತ್ತಿನಲ್ಲಿ ಅವಳ ಗಂಡ ಕುಡಿದು ಮನೆಯಲ್ಲಿ ಬಿದ್ದಿದ್ದ.

ಬರೆಯುವಾಗ ನನಗೆ ಏನೂ ಅನಿಸಿರಲಿಲ್ಲ. ಹೆಂಗಸು ದೊಡ್ಡವಳಾಗಿ ಕಾಣಬೇಕಾದರೆ ಪಕ್ಕದ ಗಂಡಸು ಸಣ್ಣವನಾಗಬೇಕು ಎಂಬುದನ್ನು ಎಷ್ಟು ಕಥೆಗಳಲ್ಲಿ ಓದಿದ್ದೆನೋ, ಕೈ ತಾನಾಗಿ ಬರೆದುಬಿಟ್ಟಿತ್ತು.

ಕಾಕಾ ಮೆಲ್ಲಗೆ ಕೇಳಿದ: "ಯವ್ವಾ, ಅಂವ ಯಾವಾಗಿಂದ ಕುಡಿಯಾಕ ಹತ್ತಿದ?"

ಚಹಾ ಬಿಟ್ಟರೆ ಬೇರೇನನ್ನೂ ಮುಟ್ಟದ ಮನುಷ್ಯ. ಅದು ಅವನಲ್ಲ, ಬರೀ ಕಥೆಯ ಗಂಡ ಎಂದು ಸಮಜಾಯಿಷಿ ಕೊಟ್ಟೆ. ತಲೆಯಾಡಿಸಿದ. ಆದರೆ ಹೆಂಡತಿಯನ್ನು ಗುರುತಿಸಿದವರು ಗಂಡನನ್ನೂ ಗುರುತಿಸುತ್ತಾರೆ; ನಾಳೆ ಚಹಾದಂಗಡಿಯ ಬೆಂಚಿನ ಮೇಲೆ ಕೂರಬೇಕಾದವನು ಅವನು.

"ನನ್ನ ತಗದಬಿಡು. ಆಕಿದಷ್ಟ ಇರ್ಲಿ," ಎಂದ.

ಚಿಗವ್ವ ಶೇಂಗಾದ ಬುಟ್ಟಿಯನ್ನು ಬದಿಗೆ ಸರಿಸಿದಳು. "ತಗದ್ರ ಎಮ್ಮಿ ಯಾರ ಕಡೆ ಬರಬೇಕು?"

ನಡೆದದ್ದು ಇದು. ನೀರು ಸುತ್ತುವರಿದ ಹೊಲಕ್ಕೆ ಅವಳು ಈಜಿ ಹೋಗಿ, ಎಮ್ಮೆಯ ಹಗ್ಗ ಬಿಚ್ಚಿ, ಅದನ್ನು ಹೊಳೆಗಿಳಿಸಿ ಬಾಲ ಹಿಡಿದಿದ್ದಳು. ನಡುನೀರಿನಲ್ಲಿ ಎಮ್ಮೆ ಸೆಳವಿನ ಕಡೆ ತಿರುಗಿತು. ಅದರ ಹಾಲು ಹಿಂಡುತ್ತಿದ್ದವನು ಕಾಕಾ. ಈಜು ಬಾರದ ಅವನು ಮೊಣಕಾಲಿನ ನೀರಿನಲ್ಲಿ ನಿಂತು, ಹಿಂಡುವ ಹೊತ್ತಿಗೆ ಕರೆಯುವ ಹಾಗೆ ಅದರ ಹೆಸರು ಹಿಡಿದು ಕರೆಯುತ್ತಲೇ ಇದ್ದ. ಎಮ್ಮೆ ಆ ದನಿಯ ಕಡೆಗೆ ಮುಖ ಮಾಡಿತು. ನನ್ನ ನೆನಪಿನಲ್ಲಿ ಆ ದನಿಯೇ ಇಲ್ಲ.

ನನಗೆ ಈಗ ಇನ್ನೊಂದು ಅಂಜಿಕೆ. ಹೀಗೆ ಬರೆದರೆ ಕೊನೆಗೂ ಗಂಡಸೇ ಪಾರು ಮಾಡಿದ ಎಂದಾಗುವುದಿಲ್ಲವೇ? ಚಿಗವ್ವನನ್ನೇ ಕೇಳಿದೆ.

"ಹೋದಾಕಿ ನಾನು. ಕರದವ್ರು ಅವ್ರು. ಇದರಾಗ ತ್ರಾಸ ಏನೈತಿ?"

ಜೊತೆಗೆ ಒಂದು ಕುಟುಕು ಸೇರಿಸಿದಳು: ಕರೆದದ್ದು ಎಮ್ಮೆಯನ್ನಷ್ಟೇ, ತನ್ನ ಹೆಸರು ಒಂದು ಸಲವೂ ಬರಲಿಲ್ಲ, ಎಮ್ಮೆ ಬಂದರೆ ಇವರಿಗೆ ಸಾಕಿತ್ತು. ಕಾಕಾ ನೆಟ್ಟಗೆ ಕೂತ. ಅವಳನ್ನೂ ಕರೆದಿದ್ದೆ, ಗಂಟಲು ಬಿದ್ದುಹೋಗುವವರೆಗೆ ಕರೆದಿದ್ದೆ ಎಂದು ವಾದಿಸಿದ. ಇಷ್ಟು ವರ್ಷದ ಸಂಸಾರದಲ್ಲಿ ಇಬ್ಬರೂ ಈ ಮಾತು ಎತ್ತಿರಲೇ ಇಲ್ಲ ಎಂದು ಕಾಣುತ್ತದೆ. ಇಬ್ಬರೂ ನನ್ನ ಕಡೆ ನೋಡಿದರು, ದಡದಲ್ಲಿ ಇದ್ದವಳು ನಾನಲ್ಲವೇ ಎಂಬಂತೆ. ನಾನು ಪೆನ್ನು ತೆಗೆದೆ.

ಅಲ್ಲೇ ಕೂತು ಕುಡುಕನ ಸಾಲುಗಳನ್ನು ಹೊಡೆದುಹಾಕಿದೆ. ನಾಯಕಿಯ ಕೂದಲಿಗೆ ಟವೆಲ್ ಕಟ್ಟಿದೆ. ಗಂಡ ಎಮ್ಮೆಯನ್ನು ಕರೆದ, ಹೆಂಡತಿಯನ್ನೂ ಕರೆದ; ಎಮ್ಮೆಯ ಹೆಸರು ಅವಳಿಗೆ ಕೇಳಿಸಿತು, ತನ್ನದು ನೀರಿನ ಸದ್ದಿನಲ್ಲಿ ಮುಚ್ಚಿಹೋಯಿತು ಎಂದು ಬರೆದು ಓದಿದೆ.

ಕಾಕಾ ಇನ್ನೊಮ್ಮೆ ಓದು ಎಂದ. ಓದಿದೆ. ಚಿಗವ್ವ ಅವನ ಕಡೆ ನೋಡದೆ ಬುಟ್ಟಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು.

"ಹೂಂ, ಹಂಗ ಆಗಿತ್ತು," ಎಂದಳು. "ಕಳಸು."