ಗುರುಪಾದಯ್ಯನ ಆನೆ

ತಿಕೋಟಾದ ಹಿಟ್ಟಿನ ಗಿರಣಿಯ ಗುರುಪಾದಯ್ಯ ಮೂವತ್ತು ವರ್ಷಗಳಿಂದ ಊರಿನ ಇತಿಹಾಸವನ್ನು ಒಬ್ಬನೇ ಹೊತ್ತಿದ್ದಾನೆ. ಯಾರೂ ಹೊರಿಸಿದ್ದಲ್ಲ. ಜೋಳ ಬೀಸಿಸಲು ಬಂದ ಹೆಂಗಸರು ಬುಟ್ಟಿ ಇಳಿಸಿದರೆ ಸಾಕು, ಅವನ ಬಾಯಿಂದ ಸುಲ್ತಾನರು ದಂಡು ಕಟ್ಟಿಕೊಂಡು ಬಂದೇಬಿಡುತ್ತಿದ್ದರು. ಬೀಸಿದ ಮೇಲೂ ಬುಟ್ಟಿ ಕೈಗೆ ಕೊಡುತ್ತಿರಲಿಲ್ಲ. “ಹಿಟ್ಟು ಬಿಸಿ ಐತಿ, ಆರಲಿ ತಡೀರಿ” ಎನ್ನುತ್ತಿದ್ದ. ಹಿಟ್ಟು ಆರುವುದಕ್ಕೂ ಯುದ್ಧ ಮುಗಿಯುವುದಕ್ಕೂ ಸರಿಹೋಗುತ್ತಿತ್ತು.

ಅವನ ಭಂಡಾರದ ಮುಕುಟಮಣಿ ಆನೆಯ ಕಥೆ. ದಂಡಿನ ಜೊತೆ ಹೊರಟ ಪಟ್ಟದಾನೆ ಊರ ಹಾಳು ಬಾವಿಯ ಹತ್ತಿರ ನಿಂತಿತಂತೆ. ಒಬ್ಬ ಮುದುಕಿ ಅದಕ್ಕೆ ಜೋಳದ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಹಾಕಿ ಕೊಟ್ಟಳಂತೆ. ತಿಂದ ಆನೆ ಮೂರು ದಿನ ಅಲ್ಲಾಡಲಿಲ್ಲ, ಯುದ್ಧವೇ ನಿಂತುಹೋಯಿತು. ಆನೆಯ ಹೆಸರು ಚಂದ್ರಿ, ಎಡಗಿವಿ ಹರಿದಿತ್ತು.

ಹೀಗಿರಲು ವಿಜಯಪುರದ ಕಾಲೇಜೊಂದರ ಮೇಡಂ ಶೈಲಾ ಊರೂರಿನ ಹಿರಿಯರ ಬಾಯಿಂದ ಕಥೆ ಕೇಳಿ ಪುಸ್ತಕ ಮಾಡಲು ಹೊರಟರು. ಒಬ್ಬರಿಗೆ ಒಂದೇ ಕಥೆ. ಕಥೆಯ ಕೆಳಗೆ ಹೇಳಿದವರ ಹೆಸರು, ಫೋಟೋ. ಗುರುಪಾದಯ್ಯನಿಗೆ ನಿದ್ದೆ ಹಾರಿಹೋಯಿತು. ಅವನ ಹೆಸರು ಅಲ್ಲಿಯವರೆಗೆ ಅಚ್ಚಾದದ್ದು ಎರಡೇ ಕಡೆ, ತನ್ನ ಲಗ್ನಪತ್ರಿಕೆಯಲ್ಲಿ ಮತ್ತು ಕರೆಂಟ್ ಬಿಲ್ಲಿನಲ್ಲಿ. ಬಿಲ್ಲಿನಲ್ಲಿ ತಪ್ಪಾಗಿತ್ತು. ಪುಸ್ತಕದಲ್ಲಿ ಹೆಸರು ಬಂದರೆ ಸತ್ತರೂ ಚಿಂತೆಯಿಲ್ಲ ಎಂದು ಹೆಂಡತಿಗೆ ಹೇಳಿದ. ಆಕೆ, ಮೊದಲು ಗಿರಣಿಯ ಸವೆದ ಬೆಲ್ಟು ಬದಲಿಸಿ ಸಾಯಿರಿ ಎಂದಳು.

ಹಿರಿಯರನ್ನೆಲ್ಲ ಕಥೆ ಹೇಳಲು ಕರೆಸಿದ ದಿನ, ಗೋಳಗುಮ್ಮಟದ ಸಮೀಪದ ಸಭಾಭವನ. ಶೈಲಾ ಮೇಡಂ ಅವನನ್ನೇ ಮೊದಲು ಕರೆದರು. “ಅಜ್ಜಾರ, ನೀವ ಸುರು ಮಾಡ್ರಿ.”

ಗುರುಪಾದಯ್ಯ ಸಿಂಹಾಸನ ನಿರಾಕರಿಸುವ ಯುವರಾಜನಂತೆ ಕೈಯಾಡಿಸಿದ. “ನಂದು ಕಡೀಗೆ ಇರಲಿರಿ. ಅಧ್ಯಕ್ಷರು ಯಾವಾಗಲೂ ಕಡೀಗೆ ಮಾತಾಡೂದು.”

ಅವನನ್ನು ಅಧ್ಯಕ್ಷ ಮಾಡಿದವರು ಯಾರೂ ಇರಲಿಲ್ಲ. ಆದರೆ ನಮ್ಮ ಕಡೆ ಸಭೆಯಲ್ಲಿ ಮೊದಲು ಮಾತಾಡುವವನು ಸಣ್ಣವನು, ಊಟದ ವಾಸನೆ ಬರುವ ಹೊತ್ತಿಗೆ ಏಳುವವನೇ ದೊಡ್ಡವನು.

ಮೊದಲು ಎದ್ದವಳು ತಿಕೋಟಾದ ಲಕ್ಕವ್ವ. ವಯಸ್ಸು ಎಪ್ಪತ್ತು, ಗಿರಣಿಯ ಕಾಯಂ ಗಿರಾಕಿ. “ನಮ್ಮತ್ತಿ ಹೇಳತಿದ್ಲರಿ. ಸುಲ್ತಾನರ ಆನಿ ನಮ್ಮ ಹಾಳ ಬಾವಿ ಕಡೆ ನಿಂತಿತ್ತಂತ...”

ಗುರುಪಾದಯ್ಯನ ಬಾಯಿ ತೆರೆಯಿತು. ರೊಟ್ಟಿ ಬಂತು, ಹಿಂಡಿ ಬಂತು, ಚಂದ್ರಿ ಬಂದಳು, ಹರಿದ ಕಿವಿ ಬಂತು. ಅವನು ಕೆಮ್ಮುತ್ತಿದ್ದ ಜಾಗದಲ್ಲಿ ಅವಳೂ ಕೆಮ್ಮಿದಳು. ಭವನವೆಲ್ಲ ಚಪ್ಪಾಳೆ.

ಬಬಲೇಶ್ವರದ ಅಮಸಿದ್ದ ಎದ್ದ. ಅವನ ಹೆಂಡತಿ ತಿಕೋಟಾದವಳು. “ಆನಿ ಖರೆ ರೀ, ಊರ ತಪ್ಪು. ಅದು ನಿಂತಿದ್ದು ನಮ್ಮ ಬಬಲೇಶ್ವರದಾಗ.”

“ನಿಮ್ಮೂರಾಗ ಕತ್ತೆ ಸೈತ ನಿಲ್ಲೂದಿಲ್ಲ, ಆನಿ ನಿಂತಿತ್ತಂತ!” ಎಂದಳು ಲಕ್ಕವ್ವ.

“ಹೌದು ಬೇ, ನಿಲ್ಲೂದಿಲ್ಲ. ಬೀಗರ ಊರಂತ ಎಲ್ಲಾ ತಿಕೋಟಾಕ್ಕ ಓಡಿ ಬರತಾವು.”

ಈ ಮಹಾಸಮರ ತಣ್ಣಗಾದ ಮೇಲೆ ಗುರುಪಾದಯ್ಯನ ಪಾಳಿ ಬಂತು. ಹೊಸ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು. “ಸುಲ್ತಾನರ ಆನಿ...” ಎಂದ.

“ಬಂತ್ಲೇ ಮೂರನೇ ಆನಿ!” ಎಂದು ಹಿಂದಿನ ಸಾಲು ಕೂಗಿತು.

“ಅಜ್ಜಾರ, ಅದು ಆಗೇತಿ. ಬ್ಯಾರೆ ಹೇಳ್ರಿ,” ಎಂದರು ಮೇಡಂ.

“ಅದು ನಂದರಿ! ನಾನ ಕಟ್ಟೇನಿ! ಚಂದ್ರಿ ಅಂದ್ರ ನಮ್ಮವ್ವನ ಎಮ್ಮಿ. ಕಿವಿ ಹರಿದಿದ್ದು ತಂತಿ ಬೇಲ್ಯಾಗ ಸಿಕ್ಕು!”

ಮೇಡಂ ಪೆನ್ನು ಎತ್ತಿದರು. “ಹಂಗಾದ್ರ ಕಥಿ ಸುಳ್ಳೇನ್ರಿ?”

“ಸುಳ್ಳ ರೀ. ಆದ್ರ ನನ್ನ ಸುಳ್ಳು!”

ತನ್ನ ಕೋಟೆಯನ್ನು ಉಳಿಸಲು ತಾನೇ ಅದಕ್ಕೆ ಮದ್ದಿಟ್ಟ ವೀರ ಅವನೊಬ್ಬನೇ ಇರಬೇಕು.

“ನಮ್ಮತ್ತಿ ಆಣಿ, ಈತ ಹುಟ್ಟೂಕಿಂತ ಮೊದಲ ಕೇಳೇನಿ,” ಎಂದಳು ಲಕ್ಕವ್ವ. ಅವಳು ಬೇಕೆಂದು ಸುಳ್ಳಾಡುತ್ತಿರಲಿಲ್ಲ. ಮೂವತ್ತು ವರ್ಷ ಆ ಕಥೆಯನ್ನು ಹಿಟ್ಟಿನೊಡನೆ ಮನೆಗೆ ಒಯ್ದು, ರೊಟ್ಟಿಯೊಡನೆ ತಿಂದು ಅರಗಿಸಿಕೊಂಡಿದ್ದಳು. ಅಮಸಿದ್ದನಿಗೂ ಆನೆ ಬೇಕಾಗಿತ್ತು. ಒಂದು ಗಳಿಗೆಯ ಹಿಂದಿನ ವೈರಿಗಳು ಒಂದಾದರು. “ಊರ ಮರ್ಯಾದಿ ತಗಿಯಾಕ ಬಂದಾನ, ಕೂಡಸ್ರಿ ಅಂವನ್ನ!” ಅಮಸಿದ್ದನೇ ಮೈಕು ಕಸಿದುಕೊಂಡ. ಊಟದಲ್ಲಿ ಗುರುಪಾದಯ್ಯನ ಪಕ್ಕದ ಎರಡೂ ಕುರ್ಚಿ ಖಾಲಿ ಉಳಿದವು.

ನಾಲ್ಕು ತಿಂಗಳಿಗೆ ಪುಸ್ತಕ ಬಂತು. ಲಕ್ಕವ್ವನ ಫೋಟೋ ಅರ್ಧ ಪುಟ. ಅಮಸಿದ್ದನದು ಕಾಲು ಪುಟ, ಜೊತೆಗೆ “ಬಬಲೇಶ್ವರದಲ್ಲಿಯೂ ಇದೇ ಕಥೆ ಇರುವುದರಿಂದ ಇದು ಬಹಳ ಹಳೆಯದು” ಎಂಬ ಷರಾ. ಗುರುಪಾದಯ್ಯ ಪುಟ ಪುಟ ಹುಡುಕಿದ. ಕಡೆಯ ಪುಟದಲ್ಲಿ ಒಂದು ಸಾಲಿತ್ತು: “ತಿಕೋಟಾದ ಹಿರಿಯರೊಬ್ಬರು ಇದೆಲ್ಲ ಸುಳ್ಳೆಂದು ವಾದಿಸಿ ಸಭೆಯಲ್ಲಿ ನಗೆಪಾಟಲಾದರು.” ಹೆಸರಿರಲಿಲ್ಲ.

ಅವನು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದ. ಈಗ ಗಿರಣಿಗೆ ಬಂದವರಿಗೆಲ್ಲ ಪುಸ್ತಕ ಬಿಡಿಸಿ, ಬೆರಳಿಟ್ಟು ತೋರಿಸುತ್ತಾನೆ: “ನೋಡ್ರಿ, ಇದು ನಾನ.”

ಮೊನ್ನೆ ಲಕ್ಕವ್ವನಿಗೂ ತೋರಿಸಿದ. ಅವಳು ಕನ್ನಡಕ ಏರಿಸಿ ಎರಡು ಸಲ ಓದಿದಳು.

“ಹಿರಿಯರು ಅಂತ ಬರದಾರಲ್ಲೋ,” ಎಂದಳು. “ಅಂವಾ ಯಾವನೋ ಬ್ಯಾರೆ ಇರಬೇಕು.”