ಮಗಳು ಹುಟ್ಟಿದಾಗ ನನಗೆ ಬಂದ ಜ್ವರ

ನನ್ನ ಹೆಂಡತಿ ಸರ್ಕಾರಿ ಶಾಲೆಯಲ್ಲಿ ಟೀಚರು. ಹೆರಿಗೆಗೆಂದು ಅವಳಿಗೆ ಮೂರು ತಿಂಗಳು ಸಂಬಳ ಸಮೇತ ರಜೆ ಸಿಕ್ಕಿತ್ತು. ಮಹಾರಾಣಿಯ ಹಾಗೆ ಬಿಳಿಗೆರೆಯ ತವರಿಗೆ ಹೋಗಿ ಕೂತಳು. ನಾನು ತುರುವೇಕೆರೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಅಪ್ಪನಾದವನಿಗೂ ರಜೆ ಬೇಕೆಂಬುದು ಎಪ್ಪತ್ತರ ದಶಕದಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ನನ್ನ ಮಿಕ್ಕ ರಜೆಯೆಲ್ಲ ಆಗಲೇ ಮುಗಿದಿತ್ತು. ಇನ್ನು ಕಾಯಿಲೆ ಬಿದ್ದರೆ ಮಾತ್ರ ಸಂಬಳ ಕಡಿತವಿಲ್ಲದ ರಜೆ.

ಹೆಣ್ಣುಮಗು ಎಂದು ಸುದ್ದಿ ಬಂದಾಗ ಕಚೇರಿಯ ಹಿತ್ತಲಿಗೆ ಹೋಗಿ ಒಬ್ಬನೇ ಕುಣಿದೆ. ಕುಣಿದು ಬಂದವನೇ ಜ್ವರವೆಂದು ರಜೆ ಬರೆದೆ. ಪರಿಚಯದ ಡಾಕ್ಟರು ಸರ್ಟಿಫಿಕೇಟನ್ನೂ ಕೊಟ್ಟರು. ಖುಷಿಯಲ್ಲಿ ಮರೆತದ್ದು ಒಂದೇ: ನಮ್ಮ ಕಚೇರಿಯ ಜವಾನ ಬಿಳಿಗೆರೆಯವನು, ಅದೂ ನಮ್ಮ ಅತ್ತೆಯ ಪಕ್ಕದ ಮನೆಯವನು.

ಮಾರನೆಯ ದಿನ ಭಾನುವಾರ. ಬಸ್ಸಿಳಿದು ಓಡಿದರೆ ಅತ್ತೆ ಬಾಗಿಲಿಗೇ ಅಡ್ಡ ನಿಂತಿದ್ದರು.

“ಜ್ವರ ಬಂದೈತಂತೆ! ಇಂಥಾ ಮೈಯಾಗೆ ಯಾಕ್ ಬಂದ್ರಿ ಅಳಿಯಂದ್ರೇ? ಹಸುಗೂಸಿನ ತಾವ ಹೋಗಂಗಿಲ್ಲ ಕಣ್ರೀ.”

ಇಲ್ಲವೆನ್ನೋಣವೆಂದರೆ ಪಕ್ಕದ ಜಗಲಿಯಲ್ಲೇ ಜವಾನ ಕೂತಿದ್ದಾನೆ. ಸುಳ್ಳು ಬಯಲಾದರೆ ರಜೆಯೂ ಹೋಯಿತು, ಮಾನವೂ ಹೋಯಿತು. ವಿಧಿಯಿಲ್ಲದೆ ಒಂದು ಸಲ ಕೆಮ್ಮಿದೆ.

ಕೋಣೆಯೊಳಗೆ ಬಾಣಂತಿ, ಪಡಸಾಲೆಯಲ್ಲಿ ನಾನು, ನಡುವೆ ಒಂದು ಗೋಡೆ. ಇಬ್ಬರಿಗೂ ಪಥ್ಯ. ಅವಳಿಗಾದರೂ ತುಪ್ಪ, ಬೆಳ್ಳುಳ್ಳಿ ಸಾರು, ಕೊಬ್ಬರಿ ಬೆಲ್ಲ. ನನಗೆ ಗಂಜಿ, ಕಷಾಯ. ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ, ನನ್ನ ತಟ್ಟೆಗೆ ಒಂದು ಚೂರೂ ಇಲ್ಲ, ಕೆಮ್ಮು ಜಾಸ್ತಿಯಾಗುತ್ತದಂತೆ! ಮಗಳು ಅತ್ತಾಗಲೆಲ್ಲ ಗೋಡೆಗೆ ಕಿವಿ ಹಚ್ಚುತ್ತಿದ್ದೆ.

“ಮೂಗು ನಿಮ್ದೇ ಕಣ್ರೀ,” ಎಂದು ಆಚೆಯಿಂದ ಕೂಗಿ ಹೆಂಡತಿ ಕಿಸಕ್ಕನೆ ನಗುತ್ತಿದ್ದಳು. ನನ್ನ ಜ್ವರ ಎಂಥದ್ದೆಂದು ಅವಳಿಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ, ಘಾಟಿ.

ಸಂಜೆಯಾದರೆ ಕಚೇರಿ ಮುಗಿಸಿ ಬಸ್ಸಿಳಿದ ಜವಾನ ಹಾಜರು. “ಹೆಂಗೈತೆ ಸಾ ಜ್ವರ?” ನಾನು ನರಳಬೇಕು.

ರಜೆಯ ಕೊನೆಯ ಸಂಜೆ ತಡೆಯಲಾಗಲಿಲ್ಲ. ಬೆಳಗಾದರೆ ಬಸ್ಸು ಹತ್ತಬೇಕು, ಮಗಳ ಮುಖವನ್ನೇ ಕಂಡಿಲ್ಲ. ಅತ್ತೆಯ ಮುಂದೆ ನಿಜ ಹೇಳಿಬಿಟ್ಟೆ. ಅವರು ನನ್ನ ಹಣೆ ಮುಟ್ಟಿ ನೋಡಿದರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಅಯ್ಯೋ ಶಿವನೇ! ಹೆತ್ತ ಮಗೀನ ನೋಡಾಕೆ ಕಾಯ್ಲೆ ಬೀಳ್ಬೇಕಾ? ಕೈಕಾಲ್ ತೊಳ್ಕಂಡ್ ಬನ್ನಿ.”

ಮಗಳನ್ನು ನನ್ನ ಕೈಗಿಟ್ಟರು. ಬೆಚ್ಚಗಿದ್ದಳು. ಮೂಗು ನನ್ನದೇ. ಅಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ. ಎರಡೂ ಕೈ ಗಡಗಡ ನಡುಗತೊಡಗಿದವು.

ಆಗಲೇ ಹೊರಗಿನಿಂದ ಜವಾನನ ದನಿ. “ಹೆಂಗೈತೆ ಸಾ ಜ್ವರ? ನಾಳಿಕೆ ಬತ್ತೀರಾ?”

ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ಕೈ ನೋಡಿದರು. ಹೊರಗೆ ಹೋಗಿ, ಬಾಗಿಲನ್ನು ಹಿಂದೆಯೇ ಎಳೆದುಕೊಂಡರು.

“ಎಲ್ ಬತ್ತಾರೆ ಕಣ್ಲಾ? ಕೈಯೆಲ್ಲ ಗಡಗಡ ನಡುಗ್ತಾವೆ. ಇನ್ನೊಂದ್ ನಾಲ್ಕ್ ದಿನ ಆಗಕಿಲ್ಲ ಅಂತ ಸಾಹೇಬ್ರಿಗೆ ಹೇಳ್ಬುಡು.”