ಮೂರನೆಯ ಜೀವ

ಹಡ್ಸನ್ ನದಿಯ ಪೂರ್ವ ದಂಡೆಯ ನಮ್ಮ ಹೊಲ, ಗುಡ್ಡ, ಗಿರಣಿ, ದೋಣಿಕಟ್ಟೆ ಎಲ್ಲವೂ ರೂಸ್‌ಬೆಕ್ ಮನೆತನದ್ದು. ಇಂಗ್ಲೆಂಡಿನ ಯಾವುದೋ ರಾಜ ಅವರ ಮುತ್ತಾತನಿಗೆ ಬರೆದುಕೊಟ್ಟದ್ದಂತೆ. ರಾಜ ಹೋದ, ದೇಶ ಸ್ವತಂತ್ರವಾಯಿತು. ರೂಸ್‌ಬೆಕ್‌ಗಳು ಮಾತ್ರ ಕೂತಲ್ಲಿಂದ ಅಲ್ಲಾಡಲಿಲ್ಲ. ಅವರಲ್ಲೊಬ್ಬ ನ್ಯಾಯಾಧೀಶನಾದ, ಒಬ್ಬ ಗವರ್ನರ್ ಆದ, ಇನ್ನೊಬ್ಬ ಸೆನೆಟರ್ ಆದ. ನಾವು ಕ್ಲಮ್ ಮನೆಯವರು ಒಕ್ಕಲಾಗಿಯೇ ಉಳಿದೆವು.

ನಮ್ಮ ಗೇಣಿ ನಿಂತದ್ದು ಮೂರು ಜೀವಗಳ ಮೇಲೆ. ಕರಾರು ಮಾಡುವಾಗ ಒಕ್ಕಲು ಮೂವರ ಹೆಸರು ಹೇಳಬೇಕು. ಅವರಲ್ಲಿ ಕೊನೆಯವರು ಬದುಕಿರುವಷ್ಟು ದಿನ ಹೊಲ ನಮ್ಮ ಕೈಯಲ್ಲಿ. ಅವರು ಕಣ್ಣು ಮುಚ್ಚಿದರೆ ಮನೆ ಸಮೇತ ಧಣಿಗಳಿಗೆ. ತಾತ ತನ್ನ ಹೆಸರು ಹೇಳಿದ, ಹಿರಿಯ ಮಗನದು ಹೇಳಿದ, ಆಮೇಲೆ ತೊಟ್ಟಿಲಲ್ಲಿದ್ದ ಹೆಸ್ಟರ್ ಅತ್ತೆಯನ್ನು ತೋರಿಸಿದ. ತಾತ ಹೋದ, ದೊಡ್ಡಪ್ಪನನ್ನು ಜ್ವರ ಒಯ್ದಿತು. ಉಳಿದವಳು ಅತ್ತೆ ಒಬ್ಬಳೇ.

ಅಲ್ಲಿಂದ ಅವಳದು ನಾಯಿಪಾಡು ಎನ್ನಲಾರೆ. ನಾಯಿಯಾದರೂ ನದಿಗೆ ಇಳಿಯುತ್ತಿತ್ತು. ನನ್ನ ಅಪ್ಪ ಯೂರಿ ತಂಗಿಯನ್ನು ಅಂಗೈಯಲ್ಲಿಟ್ಟು ಕಾದ. ಮರ ಹತ್ತಬೇಡ, ಹೆಪ್ಪುಗಟ್ಟಿದ ನದಿಯ ಮೇಲೆ ಕಾಲಿಡಬೇಡ. ಅವಳು ಕೆಮ್ಮಿದರೆ ಮನೆಯೆಲ್ಲ ಎದ್ದು ಕೂರುತ್ತಿತ್ತು. ಸರಕುದೋಣಿಯ ಟೋಬಿಯಸ್ ಹೆಣ್ಣು ಕೇಳಲು ಬಂದಾಗ ಅಪ್ಪ ಬಾಗಿಲಲ್ಲೇ ತಡೆದ.

"ದೋಣೀಲಿ ಸಂಸಾರ ಮಾಡ್ತೀಯೇನಯ್ಯಾ? ಮುಳುಗಿದ್ರೆ? ಹೆರಿಗೇಲಿ ಏನಾದ್ರೂ ಆದ್ರೆ? ನನ್ನ ಮಕ್ಕಳು ಬೀದಿಗೆ ಬೀಳ್ಬೇಕಾ?"

"ಹಂಗಾದ್ರೆ ನನ್ನನ್ನ ಉಪ್ಪಿನಕಾಯಿ ಜಾಡೀಲಿ ಹಾಕಿಡು ಅಣ್ಣ, ಕೆಡಲ್ಲ," ಎಂದಳು ಅತ್ತೆ ಒಳಗಿನಿಂದ.

ಟೋಬಿಯಸ್ ಜಗ್ಗಲಿಲ್ಲ. ಪ್ರತಿ ವಸಂತದಲ್ಲೂ ನದಿ ಕರಗಿದ ಕೂಡಲೇ ಬಂದು ಅದೇ ಮಾತು ಕೇಳುತ್ತಿದ್ದ.

ಹೊಸವರ್ಷಕ್ಕೆ ಧಣಿಗಳ ಮನೆಗೆ ಗೋಧಿಯ ಜೊತೆ ಕೊಬ್ಬಿದ ಕೋಳಿಗಳನ್ನು ಒಯ್ಯಬೇಕು. ಅತ್ತೆಯೂ ಹೋಗಿ ತಾನು ಬದುಕಿರುವುದನ್ನು ತೋರಿಸಿ ಬರಬೇಕು. ಒಂದು ವರ್ಷ ನಮ್ಮ ಧಣಿ ಕಾರ್ನೀಲಿಯಸ್ ರೂಸ್‌ಬೆಕ್ ಚುನಾವಣೆಗೆ ನಿಲ್ಲುವವನಿದ್ದ. ಗುಡ್ಡದ ಒಕ್ಕಲುಗಳು ಗೇಣಿ ಕೊಡೆವೆಂದು ತಗಡಿನ ಕಹಳೆ ಊದಿಕೊಂಡು ತಿರುಗುತ್ತಿದ್ದ ಕಾಲ ಅದು. ಆ ಹೊಸವರ್ಷದ ದಿನ ಧಣಿಗಳ ಅಂಗಳದ ತುಂಬ ಜನ.

"ಏನಮ್ಮಾ ಹೆಸ್ಟರ್, ಇನ್ನೂ ಗಟ್ಟಿಯಾಗಿದ್ದೀಯಾ?" ಧಣಿ ನಕ್ಕ.

"ಇದ್ದೀನಿ ಧಣಿಗಳೇ. ಆದ್ರೆ ಈ ವಸಂತಕ್ಕೆ ಟೋಬಿಯಸ್ ದೋಣಿ ಹತ್ತೋಳೇ. ನಾನು ಮುಳುಗಿದ್ರೆ ನಮ್ಮಣ್ಣನ ಮಕ್ಕಳನ್ನ ಚುನಾವಣೆಗೆ ಮುಂಚೆ ಆಚೆ ಹಾಕ್ತೀರೋ, ಆಮೇಲೋ? ಇಲ್ಲೇ ಹೇಳ್ಬಿಡಿ, ಎಲ್ರೂ ಕೇಳಿಸ್ಕೊಳ್ಳಲಿ."

ಹಿಂದಿನಿಂದ ಯಾರೋ ಕಹಳೆ ಊದಿದರು. ಧಣಿ ಗುಂಪನ್ನೊಮ್ಮೆ ನೋಡಿದ. ಅಲ್ಲಿದ್ದವರೆಲ್ಲ ಅವನಿಗೆ ಬೇಕಾದ ಓಟುಗಳು.

"ಹೊಲ ಯೂರಿಗೇ ಮಾರ್ತೀನಿ ಕಣಮ್ಮಾ, ದುಡ್ಡು ಕಂತಿನ ಮೇಲೆ ಕೊಡ್ಲಿ. ಪತ್ರ ಆಗೋವರೆಗೂ ನಿನ್ನ ದಮ್ಮಯ್ಯ, ನೀರಿನ ಹತ್ರ ಹೋಗ್ಬೇಡ!"

ಮುತ್ತಾತನ ಕಾಲದಿಂದ ಒಂದು ಗೇಣೂ ಬಿಟ್ಟುಕೊಡದ ಮನೆತನ ಅದು. ಹಿಮ ಕರಗುವ ಮೊದಲೇ ಪತ್ರವಾಯಿತು. ನಮ್ಮತ್ತೆಯ ಬಗ್ಗೆ ನನಗೆ ಈಗಲೂ ಹೆಮ್ಮೆ.

ಮದುವೆ ಮುಗಿದು ಹೊರಡುವ ದಿನ, ಈಗ ಮೊಮ್ಮಕ್ಕಳಿಗೆ ಈಜು ಕಲಿಸುವ ಅದೇ ಅತ್ತೆ, ಗಂಟು ಹಿಡಿದು ಹೊಸ್ತಿಲಲ್ಲಿ ನಿಂತುಬಿಟ್ಟಳು.

"ಇನ್ನು ನಾನು ಸತ್ರೆ ಯಾರಿಗೂ ನಷ್ಟ ಇಲ್ಲ, ಅಲ್ವಾ ಅಣ್ಣ?" ನಗಲು ಹೋಗಿ ಅತ್ತಳು. ಇಷ್ಟು ವರ್ಷ ಅಣ್ಣ ಕಾದದ್ದು ತನ್ನನ್ನೋ, ಹೊಲವನ್ನೋ ಅವಳಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಗೊತ್ತಿರಲಿಲ್ಲ.

ಅಪ್ಪ ಅವಳ ಕೈಯಿಂದ ಗಂಟು ತೆಗೆದುಕೊಂಡ. ಅದನ್ನು ಹೊತ್ತು ದೋಣಿಕಟ್ಟೆಯವರೆಗೆ ನಡೆದ. ಹಗ್ಗ ಬಿಚ್ಚಿ ದೋಣಿ ಸರಿಯುತ್ತಿದ್ದಂತೆ ಬೂಟು ಸಮೇತ ನೀರಿಗಿಳಿದ.

"ಹೊಲ ಈಗ ನಂದಾಯ್ತು ಕಣೇ!" ಎಂದು ಕೂಗಿದ. "ಆದ್ರೂ ನೀನು ಸಾಯ್ಬೇಡ!"

ನೀರು ಕೊರೆಯುತ್ತಿತ್ತು. ದೋಣಿ ತಿರುವು ದಾಟುವವರೆಗೂ ಅಪ್ಪ ದಡಕ್ಕೆ ಬರಲಿಲ್ಲ.